ಅರ್ಜಿ ತಂದೀರೇನು?

ಧಾರವಾಡದ ಯಾವ ಓಣಿ ಹೊಕ್ಕರೂ ಒಬ್ಬ ಹೆಡ್‌ಕ್ಲರ್ಕ್ ಕಾಕಾ ಸಿಕ್ಕೇ ಸಿಗುತ್ತಾರೆ. ನಿವೃತ್ತರಾಗಿ ಎಷ್ಟು ವರ್ಷವಾದರೂ ಅಂಗಿಯ ಕಿಸೆಯಲ್ಲಿ ಕೆಂಪು ಶಾಯಿಯ ಪೆನ್ನು ಇರಬೇಕು. ಸರ್ವೀಸು ಪೂರ್ತಿ ‘ನಾಳೆ ಬರ್ರಿ’ ಎಂದು ಸತಾಯಿಸಿ, ಪಿಂಚಣಿಯ ಜೊತೆಗೆ ಊರವರ ಶಾಪವನ್ನೂ ಗಳಿಸಿದವರು. ಈಗ ಅದೇ ಚಾಳಿ ಅವರ ಪಾಸ್‌ಬುಕ್ಕನ್ನು ಕಾಯುತ್ತಿದೆ.

‘ನಿಮ್ಮ ಖಾತೆಗೆ 9,000 ರೂಪಾಯಿ ಜಮಾ’ ಎಂದು ಮೊಬೈಲು ಟಿಂಗ್ ಎಂದರೆ ನಾವೆಲ್ಲ ಮೊತ್ತ ನೋಡುತ್ತೇವೆ. ಕಾಕಾ ಕನ್ನಡಕ ಏರಿಸಿ ಜಾವಕ ನಂಬರು ಹುಡುಕುತ್ತಾರೆ. “ಬ್ಯಾಂಕಿನ ಕಾಗದ ಬ್ಯಾಂಕಿನ ಹೆಸರಿಲೆ ಬರಬೇಕು. ಇದನ್ನ ಯಾವನೋ ಹತ್ತಂಕಿ ನಂಬರಿನವ ಬರದಾನ. ಶಿಕ್ಕಾ ಎಲ್ಲೈತಿ?”

ಅಷ್ಟರಲ್ಲಿ ಫೋನು. “ಅಂಕಲ್, 900 ಕಳಿಸೋಕೆ ಹೋಗಿ ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟೆ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ. 8,100 ವಾಪಸ್ ಹಾಕಿ.”

“ಅರ್ಜಿ ತಂದೀರೇನು?”

“ಅಂಕಲ್, ಅರ್ಜೆಂಟು...”

“ಅರ್ಜೆಂಟ್ ಅಂದವರ ಫೈಲನ್ನ ನಾವು ತಳಕ್ಕ ಇಡತಿದ್ವಿ. ನೀವು ನಿಮ್ಮ ಬ್ಯಾಂಕಿಗೆ ಬರೀರಿ, ಅವರು ನಮ್ಮ ಬ್ಯಾಂಕಿಗೆ ಬರೀಲಿ, ನಮ್ಮ ಬ್ಯಾಂಕು ನನ್ನ ಕೇಳಲಿ. ನಾ ಪಾಸ್‌ಬುಕ್ ಎಂಟ್ರಿ ಮಾಡಿಸಿ ಷರಾ ಹಾಕತೀನಿ.”

ಅತ್ತಲಿಂದ ಹೊಸ ಪಟ್ಟು: ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಇನ್ನೂ 2,000 ನಿಮಗೇ ಬರುತ್ತದೆ. ಕಾಕಾಗೆ ಸಿಟ್ಟು ಬರುವುದು ಇಲ್ಲಿ. ಕಳ್ಳನ ಮೇಲಲ್ಲ, ಅವನ ಲೆಕ್ಕಶಾಸ್ತ್ರದ ಮೇಲೆ. “ಪಿನ್ ಅಂದ್ರ ಖರ್ಚಿನ ವೋಚರಿನ ಸಹಿ. ಜಮಾಕ್ಕ ಅದು ಯಾಕ ಬೇಕೋ? ಎಲ್ಲಿ ಕಲತಿ ನೀ ಅಕೌಂಟ್ಸು?” ಉತ್ತರ ಬರಲಿಲ್ಲ. ನಾಳೆ ಬಾ ಎನ್ನುವ ಮೊದಲೇ ಅರ್ಜಿದಾರ ಫೋನಿಟ್ಟಿದ್ದ.

ಆಸೆ, ಕರುಣೆ, ಅವಸರ: ಈ ಮೂರರಲ್ಲಿ ಒಂದೂ ಇಲ್ಲದವರಿಗೆ ಮೋಸ ಮಾಡುವುದು ಕಷ್ಟ. ಕಾಕಾನಲ್ಲಿ ಮೂರೂ ಇಲ್ಲವೆಂದು ಕಾಕೂ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ಕಾಕಾ ಓಡುತ್ತಾರೆ. ಎದುರು ಮನೆಯ ಹುಡುಗ ಇಂಥದ್ದೇ ಮಾತಿಗೆ ಮರುಳಾಗಿ ರೊಕ್ಕ ಕಳಿಸಿ ಅಳುತ್ತ ಬಂದಾಗ ಕಾಕಾ ಗದರಿದರು: “ಮೊದಲ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಹಚ್ಚು, ಆಮ್ಯಾಲೆ ಅಳು! ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕ ಜಿಗಿಯೂದ್ರಾಗ ತಡೀಬೇಕು.” ಆಮೇಲೆ ಬ್ಯಾಂಕಿಗೆ ತಾವೇ ಕರೆದೊಯ್ದರು. ಕಾಕಾ ಸರದಿ ಮುರಿದು ಕೌಂಟರಿಗೆ ನುಗ್ಗಿದ್ದನ್ನು ಓಣಿ ಇನ್ನೂ ನಂಬಿಲ್ಲ.

ದೀಪಾವಳಿಗೆ ಪುಣೆಯ ಮಗ ಹೇಳದೆ ಕೇಳದೆ 5,000 ಕಳಿಸಿದ. ಸಂದೇಶ ಅಸಲಿ, ಪಾಸ್‌ಬುಕ್ಕಿನಲ್ಲೂ ಜಮಾ. ಆದರೂ ಕಾಕಾ ಅವನಿಗೆ ಬರೆದರು: “ಸದರಿ ಮೊತ್ತದ ಉದ್ದೇಶವನ್ನು ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಅನಾಮತ್ತು ಖಾತೆಗೆ ಹಾಕಲಾಗುವುದು.”