ಅಜ್ಜಿಗೆ ಗೊತ್ತಿರುವ ಐದನೇ ಗ್ರೇಡು

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡ ಸಂಸಾರಕ್ಕೆ ಸಂಗೀತದ ಮೇಲೆ ಪ್ರೀತಿ ಉಕ್ಕುವುದು ಎರಡು ಕಂತಿನಲ್ಲಿ. ಮೊದಲನೆಯದು ಮಗು ತೊಟ್ಟಿಲಲ್ಲಿದ್ದಾಗ. ಎರಡನೆಯದು, ಎಬಿಆರ್‌ಎಸ್‌ಎಂ ಎಂಬ ಸಂಗೀತ ಪರೀಕ್ಷಾ ಮಂಡಳಿಯ ಆರು, ಏಳು, ಎಂಟನೇ ಗ್ರೇಡುಗಳಿಗೆ ವಿಶ್ವವಿದ್ಯಾಲಯದ ಪ್ರವೇಶದ ವೇಳೆ ಯುಕಾಸ್ ಪಾಯಿಂಟು ಸಿಗುತ್ತದೆಂದು ಯಾರದೋ ಗೃಹಪ್ರವೇಶದ ಊಟದಲ್ಲಿ ಕಿವಿಗೆ ಬಿದ್ದಾಗ. ಎರಡನೆಯ ಪ್ರೀತಿಯೇ ಗಾಢವಾದದ್ದು. ಆದರೆ 1889ರಲ್ಲಿ ಹುಟ್ಟಿದ ಈ ಮಂಡಳಿ ದಾರಿಯಲ್ಲೊಂದು ಸುಂಕದಕಟ್ಟೆ ಇಟ್ಟಿದೆ: ಐದನೇ ಗ್ರೇಡಿನ ಥಿಯರಿಯನ್ನೋ ಅದಕ್ಕೆ ಸಮನಾದದ್ದನ್ನೋ ಮುಗಿಸದೆ ಆರನೇ ಗ್ರೇಡಿನ ಪಿಯಾನೋ ಪರೀಕ್ಷೆಗೆ ಕೂರುವ ಹಾಗಿಲ್ಲ. ಅಲ್ಲಿಂದ ಮನೆಯಲ್ಲಿ ಸ್ಕೇಲು, ಕೀ ಸಿಗ್ನೇಚರು, ಇಂಟರ್ವಲ್ಲುಗಳ ಕಾಟ ಶುರು. ಅಪ್ಪ ಎಕ್ಸೆಲ್ ಶೀಟಿನಲ್ಲಿ ಸೆಮಿಟೋನುಗಳ ಕಾಲಂ ಹಾಕುತ್ತಾನೆ, ಅಮ್ಮ ಯೂಟ್ಯೂಬ್ ಹುಡುಕುತ್ತಾಳೆ, ಇಪ್ಪತ್ತೈದು ಪೌಂಡಿಗೆ ಅರ್ಧ ಗಂಟೆಯ ಟ್ಯೂಷನ್ ಮಾತು ಬರುತ್ತದೆ. ಪಕ್ಕದಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತ ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಕರ್ನಾಟಕ ಸಂಗೀತದ ಸರಳೆ, ಜಂಟಿ, ಅಲಂಕಾರ ಮುಗಿಸಿ ನಾಲ್ಕು ಕೃತಿ ಕಲಿತ ಯಾವ ಅಜ್ಜಿಗಾದರೂ ಆ ಪಠ್ಯದ ಸ್ವರದ ಭಾಗ ಮುಕ್ಕಾಲು ಪಾಲು ಬರುತ್ತದೆ ಎಂಬುದು ನನ್ನ ವಾದ.

ಸ್ಕೇಲಿನಿಂದಲೇ ಶುರು ಮಾಡೋಣ. ಮೇಜರ್ ಸ್ಕೇಲ್ ಎಂದರೆ ಇಂಥ ಏಳು ಸ್ವರಗಳು ಎಂದಲ್ಲ. ಇಂಥ ಏಳು ದೂರಗಳು ಎಂದು. ಎಲ್ಲಿಂದಾದರೂ ಹೊರಡಿ, 2, 2, 1, 2, 2, 2, 1 ಸೆಮಿಟೋನ್, ಅಂದರೆ ಅರ್ಧ ಮೆಟ್ಟಿಲು, ಹತ್ತಿದರೆ ಅದು ಸಿದ್ಧ. ಅಜ್ಜಿಗೆ ಅದು ಇಪ್ಪತ್ತೊಂಬತ್ತನೇ ಮೇಳ, ಧೀರಶಂಕರಾಭರಣ. ಮೊಮ್ಮಗ ಸಿ ಮೇಜರ್ ನುಡಿಸಿ ಮುಗಿಸುವ ಮೊದಲೇ ಅಡುಗೆಮನೆಯಿಂದ ‘ಶಂಕರಾಭರಣ ಅಲ್ವೇನೋ ಪುಟ್ಟಾ’ ಎಂಬ ದನಿ ಬರುವುದು ಇದಕ್ಕೇ. ಇನ್ನು ಕೀ ಸಿಗ್ನೇಚರ್. ಸ್ಲೌನ ಬಾಡಿಗೆ ಫ್ಲಾಟಿನಿಂದ ರೆಡಿಂಗಿನ ಸ್ವಂತ ಮನೆಗೆ ಹೋದ ಸಂಸಾರ ದೇವರ ಗೂಡು, ಒಗ್ಗರಣೆ ಡಬ್ಬಿ, ಚಪ್ಪಲಿ ಸ್ಟ್ಯಾಂಡು ಎಲ್ಲವನ್ನೂ ಹಳೆಯ ಮನೆಯಲ್ಲಿದ್ದಷ್ಟೇ ಅಂತರದಲ್ಲಿ ಇಡಲು ಹೆಣಗುತ್ತದೆ. ಗೋಡೆಗಳು ಬೇರೆ ಕಡೆ ಇರುವುದರಿಂದ ಒಂದೆರಡು ಮೊಳೆಯನ್ನು ಅತ್ತಿತ್ತ ಸರಿಸಿ ಹೊಡೆಯಬೇಕಾಗುತ್ತದೆ. ಹಾಗೆ ಸರಿಸಿದ ಮೊಳೆಗಳ ಪಟ್ಟಿಯೇ ಕೀ ಸಿಗ್ನೇಚರ್. ಷಡ್ಜವನ್ನು ಸಿ ಬಿಟ್ಟು ಡಿಯಲ್ಲಿ ಹೂಡಿದರೆ ಗಾಂಧಾರ ಮತ್ತು ನಿಷಾದ ಪಿಯಾನೋದ ಕಪ್ಪು ಮನೆಗೆ ಹೋಗುತ್ತವೆ, ಆದ್ದರಿಂದ ಎಫ್ ಮತ್ತು ಸಿಗೆ ಶಾರ್ಪ್, ಅಂದರೆ ಅರ್ಧ ಮೆಟ್ಟಿಲು ಏರಿಕೆ. ನಮ್ಮಲ್ಲಿ ಈ ಪಟ್ಟಿ ಬರೆಯುವ ಪದ್ಧತಿ ಇಲ್ಲ, ಅಷ್ಟೇ. ಕಂಪನಿ ನಾಟಕದ ಪೇಟಿ ಮಾಸ್ತರರು ಒಬ್ಬ ನಟನಿಗೆ ಕಪ್ಪು ಒಂದರಲ್ಲಿ, ಮುಂದಿನವನಿಗೆ ಬಿಳಿ ನಾಲ್ಕರಲ್ಲಿ ಅದೇ ಮಟ್ಟನ್ನು ಎತ್ತುವಾಗ ಬೆರಳಿನಲ್ಲೇ ಆ ಲೆಕ್ಕ ಮುಗಿದಿರುತ್ತಿತ್ತು.

ಮಕ್ಕಳನ್ನು ನಿಜವಾಗಿ ಅಳಿಸುವುದು ಶಾರ್ಪುಗಳ, ಅರ್ಧ ಮೆಟ್ಟಿಲು ಇಳಿಸುವ ಫ್ಲಾಟುಗಳ ಸಾಲು. ನಾಲ್ಕು ಶಾರ್ಪ್ ಕೊಟ್ಟರೆ ಯಾವ ಕೀ? ಐದು ಫ್ಲಾಟ್ ಕೊಟ್ಟರೆ? ಇದಕ್ಕೆ ಇಂಗ್ಲಿಷ್ ಮೇಷ್ಟ್ರುಗಳು ಫಾದರ್ ಚಾರ್ಲ್ಸ್ ಎಂಬೊಬ್ಬ ಪುಣ್ಯಾತ್ಮನ ಕಥೆ ಕಟ್ಟಿ ಬಾಯಿಪಾಠ ಮಾಡಿಸುತ್ತಾರೆ. ಸ್ವರ ಬಲ್ಲವರಿಗೆ ಫಾದರ್ ಬೇಕಿಲ್ಲ: ಕೊನೆಯ ಶಾರ್ಪ್ ಯಾವಾಗಲೂ ನಿಷಾದ, ಕೊನೆಯ ಫ್ಲಾಟ್ ಯಾವಾಗಲೂ ಮಧ್ಯಮ. ನಾಲ್ಕು ಶಾರ್ಪಿನಲ್ಲಿ ಕೊನೆಯದು ಡಿ ಶಾರ್ಪ್. ಅದು ನಿ ಆದರೆ ಅದರ ಮೇಲಿನ ಇ ಷಡ್ಜ, ಅಂದರೆ ಇ ಮೇಜರ್. ಕಾರಣವೂ ಸರಳ. ಪಂಚಮವನ್ನೇ ಷಡ್ಜ ಮಾಡಿಕೊಂಡರೆ ಹಳೆಯ ಶುದ್ಧ ಮಧ್ಯಮ ಒಂದೇ ಒಂದು ಅರ್ಧ ಮೆಟ್ಟಿಲು ಏರಿ ಹೊಸ ನಿಷಾದವಾಗುತ್ತದೆ, ಮಿಕ್ಕದ್ದು ಅಲುಗುವುದಿಲ್ಲ. ಮಧ್ಯಮವನ್ನು ಷಡ್ಜ ಮಾಡಿಕೊಂಡರೆ ಹಳೆಯ ನಿಷಾದ ಇಳಿದು ಹೊಸ ಮಧ್ಯಮವಾಗುತ್ತದೆ. ಪುನ್ನಾಗವರಾಳಿಯನ್ನು ಮಧ್ಯಮ ಶ್ರುತಿಯಲ್ಲಿ ಹಾಡಿದ ಅಜ್ಜಿ ಈ ಬೀದಿಯಲ್ಲಿ ಆಗಲೇ ಓಡಾಡಿದ್ದಾಳೆ. ಇದಕ್ಕೆ ಸರ್ಕಲ್ ಆಫ್ ಫಿಫ್ತ್ಸ್ ಎಂದು ಬೋರ್ಡು ಹಾಕಿದ್ದಾರೆಂದು ಅವಳಿಗೆ ಯಾರೂ ಹೇಳಿಲ್ಲ.

ಇಂಟರ್ವಲ್ಲಿನ ಪ್ರಶ್ನೆಗಳು ಇನ್ನೂ ಮಜವಾಗಿವೆ. ಸಿಯಿಂದ ಇ ಫ್ಲಾಟಿಗೆ ಮೈನರ್ ಥರ್ಡ್. ಸಿಯಿಂದ ಡಿ ಶಾರ್ಪಿಗೆ ಆಗ್‌ಮೆಂಟೆಡ್ ಸೆಕೆಂಡ್. ಎರಡಕ್ಕೂ ಒತ್ತುವುದು ಅದೇ ಕಪ್ಪು ಮನೆ. ಇದೇನು ಮೋಸ ಎಂದು ಮಗು ಪೆನ್ಸಿಲ್ ಎಸೆಯುವುದು ನ್ಯಾಯವೇ. ಕರ್ನಾಟಕ ಸಂಗೀತದಲ್ಲಿ ಅದೇ ಮನೆಗೆ ಸಾಧಾರಣ ಗಾಂಧಾರ ಎಂದೂ ಹೆಸರು, ಷಟ್ಶ್ರುತಿ ಋಷಭ ಎಂದೂ ಹೆಸರು. ಹನ್ನೆರಡು ಸ್ಥಾನಕ್ಕೆ ಹದಿನಾರು ಹೆಸರು ಇಟ್ಟಿರುವುದು ತಲೆ ಕೆಡಿಸಲಿಕ್ಕಲ್ಲ. ಮೇಳದಲ್ಲಿ ಸ ರಿ ಗ ಮ ಪ ದ ನಿ ಒಂದೊಂದೂ ಒಮ್ಮೆ ಇರಲೇಬೇಕು, ಯಾವುದೂ ಎರಡು ಸಲ ಬರಕೂಡದು. ನಾಟ ರಾಗದಲ್ಲಿ ಗಾಂಧಾರದ ಹೆಸರನ್ನು ಅಂತರ ಗಾಂಧಾರ ಹಿಡಿದು ಕೂತಿರುವುದರಿಂದ ಅದರ ಕೆಳಗಿನವನು ಋಷಭ ಎನಿಸಿಕೊಳ್ಳದೆ ವಿಧಿಯಿಲ್ಲ. ಡಿ ಮೇಜರಿನಲ್ಲಿ ಎಫ್ ಶಾರ್ಪ್ ಎಂದೇ ಬರೆಯಬೇಕು, ಜಿ ಫ್ಲಾಟ್ ಎಂದರೆ ಅಂಕ ಹೋಯಿತು ಎನ್ನುವುದೂ ಇದೇ ಕಾನೂನು. 72 ಮೇಳಗಳ ಲೆಕ್ಕ ಹಾಕಿದ ವೆಂಕಟಮಖಿ 17ನೇ ಶತಮಾನದ ತಂಜಾವೂರಿನಲ್ಲಿದ್ದವರು, ಕನ್ನಡ ಮನೆತನದ ಗೋವಿಂದ ದೀಕ್ಷಿತರ ಮಗ. ಹೊರನಾಡ ಕನ್ನಡಿಗರು ಥಿಯರಿಗೆ ಹೆದರುವುದು ಮನೆತನಕ್ಕೆ ಒಪ್ಪುವ ಮಾತಲ್ಲ.

ರಾಗವೆಂದರೆ ಸ್ಕೇಲ್ ಅಲ್ಲ ಸ್ವಾಮಿ, ಎಂದು ಭಾನುವಾರದ ಪಾಠದ ಮೇಷ್ಟ್ರು ಎದ್ದು ನಿಲ್ಲುತ್ತಾರೆ. ನಿಜ. ಆರಭಿಗೂ ದೇವಗಾಂಧಾರಿಗೂ ಆರೋಹಣ ಅವರೋಹಣ ಒಂದೇ. ಎರಡನ್ನೂ ಒಂದೇ ಎಂದವನನ್ನು ಕಛೇರಿಯಿಂದ ಎಬ್ಬಿಸಿ ಕಳಿಸಬೇಕು. ಪಿಯಾನೋದ ಗಾಂಧಾರ ಷಡ್ಜದಿಂದ 400 ಸೆಂಟ್ (ಸೆಮಿಟೋನಿಗೆ ನೂರು ಸೆಂಟು) ಮೇಲಿದೆ, ತಂಬೂರಿಗೆ ಕೂಡುವ ಗಾಂಧಾರ 386ರಲ್ಲಿ. ಆ ಹದಿನಾಲ್ಕು ಸೆಂಟು ಅಜ್ಜಿಯ ಕಿವಿಗೆ ಚುಚ್ಚಿದರೆ ಅವಳದೇ ಸರಿ. ನಮ್ಮ ಮಕ್ಕಳ ಮೊದಲ ಪಾಠವಾದ ಮಾಯಾಮಾಳವಗೌಳವನ್ನು ಸಿಯಿಂದ ನುಡಿಸಿದರೆ ಡಿ ಮತ್ತು ಎ ಮಾತ್ರ ಫ್ಲಾಟ್. ಬಿ, ಇಗಳಿಗೆ ಫ್ಲಾಟ್ ಹಾಕದೆ ಎ, ಡಿಗಳಿಗೆ ಮಾತ್ರ ಹಾಕುವ ಕೀ ಸಿಗ್ನೇಚರ್ ಇರುವ ಹದಿನೈದರಲ್ಲಿ ಒಂದೂ ಇಲ್ಲ. ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುವ ಒಂದನೇ ಸರಳೆಗೇ ಪರೀಕ್ಷಾ ಮಂಡಳಿಯ ಬಳಿ ಅರ್ಜಿ ನಮೂನೆ ಇಲ್ಲವೆಂದಾಯಿತು. ಇವೆಲ್ಲ ಒಪ್ಪಿದ ಮೇಲೂ ನನ್ನ ವಾದಕ್ಕೆ ಪೆಟ್ಟು ಬೀಳುವುದಿಲ್ಲ, ಏಕೆಂದರೆ ಪರೀಕ್ಷೆ ಕೇಳುವುದು ಗಮಕವನ್ನಲ್ಲ, ದೂರವನ್ನು. ಸ್ವರಗಳನ್ನು ಒಟ್ಟಿಗೆ ನುಡಿಸುವ ಕಾರ್ಡಿನ ಪಾಠ ಬಂದಾಗ ಮಾತ್ರ ಅಜ್ಜಿ ಪಕ್ಕಕ್ಕೆ ಸರಿದು ಪಿಯಾನೋ ಟೀಚರಿಗೆ ಜಾಗ ಬಿಡಬೇಕು. ಮೂರು ಸ್ವರ ಒಟ್ಟಿಗೆ ಕೂಗುವುದು ನಮ್ಮಲ್ಲಿ ಜಗಳದ ವಿಭಾಗಕ್ಕೆ ಸೇರಿದ್ದು.

ಎರಡೂ ಕಲಿಸಿದರೆ ಮಗು ಗೊಂದಲಗೊಳ್ಳುತ್ತದೆಂಬ ಹೆದರಿಕೆಗೆ ಮೈಸೂರಿನಲ್ಲೇ ಉತ್ತರವಿದೆ. ಜಯಚಾಮರಾಜ ಒಡೆಯರು ಪಿಯಾನೋ ಕಲಿತವರು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಕಾರ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು, ಆತ ತನ್ನ ಮೂರನೇ ಪಿಯಾನೋ ಕನ್ಚರ್ಟೋವನ್ನು ಅರ್ಪಿಸಿದ್ದು ಇವರಿಗೇ. ಅದೇ ಮಹಾರಾಜರು 94 ಕೃತಿಗಳನ್ನು ರಚಿಸಿದರು. ಅದಕ್ಕೂ ಬಹಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ರಾಜಗೀತೆಯ ಮಟ್ಟನ್ನೇ ಎತ್ತಿಕೊಂಡು ಸಂಸ್ಕೃತದಲ್ಲಿ ‘ಸಂತತಂ ಪಾಹಿಮಾಂ’ ಕಟ್ಟಿ ಶಂಕರಾಭರಣದಲ್ಲಿ ಕೂರಿಸಿದ್ದರು. ಇಬ್ಬರಿಗೂ ತಲೆ ಕೆಟ್ಟ ವರದಿ ಇಲ್ಲ. ಆದ್ದರಿಂದ ಸ್ಲೌ, ರೆಡಿಂಗ್, ಮಿಲ್ಟನ್ ಕೀನ್ಸುಗಳ ಕನ್ನಡ ತಂದೆತಾಯಿಯರಲ್ಲಿ ಒಂದು ವಿನಂತಿ: ವಿಸಿಟರ್ ವೀಸಾದಲ್ಲಿ ಅಜ್ಜಿಗೆ ಒಂದು ಸಲಕ್ಕೆ ಸಿಗುವುದು ಆರು ತಿಂಗಳು. ಥಿಯರಿ ಪರೀಕ್ಷೆಯನ್ನು ಅಷ್ಟರೊಳಗೆ ಮುಗಿಸಿಕೊಳ್ಳಿ, ಸೊಪ್ಪನ್ನು ನೀವೇ ಬಿಡಿಸಿ.