ಮಕ್ತಲ್ ಬಿಸಿಲಿಗೆ ಜರ್ಮನ್ ಟೊಪ್ಪಿಗೆ

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕಡೆ ನಾವು ತಲೆಗೆ ರುಮಾಲು ಸುತ್ತುವವರು, ಬಿಸಿಲು ಏರಿದರೆ ಟವೆಲ್ಲು ಹೊದೆಯುವವರು. ಕಬ್ಬಿಣ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಮೋಟಾರ್ ಸೈಕಲ್ಲಿನ ಹೆಲ್ಮೆಟ್ ಕೂಡ ರಾಯಚೂರು ರಸ್ತೆಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತೇ ಪ್ರಯಾಣ ಮಾಡುತ್ತದೆ. ಪೊಲೀಸರು ಕಂಡಾಗ ಮಾತ್ರ ಅದಕ್ಕೆ ತಲೆಯ ನೆನಪು. ಇಂಥ ಸೀಮೆಯಲ್ಲಿದ್ದುಕೊಂಡು ಜರ್ಮನ್ ಸೈನ್ಯದ ಹಳೆಯ ಶಿರಸ್ತ್ರಾಣಗಳ ಹುಚ್ಚು ಹಚ್ಚಿಕೊಂಡರೆ ಮನೆಯವರು ಏನಂದಾರು? ನಮ್ಮ ಮನೆಯಲ್ಲಿ ಅಂದದ್ದು ಇಷ್ಟೇ: "ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?"

ಜರ್ಮನಿಯಲ್ಲಿ ನೌಕರಿಗಿರುವ ಸೋದರಳಿಯ ರಜೆಗೆ ಬಂದಾಗ ಎಲ್ಲರಿಗೂ ಚಾಕೊಲೇಟು ತಂದ, ನನಗೆ ತುಕ್ಕು ಹಿಡಿದ ಉಕ್ಕಿನ ಚಿಪ್ಪೊಂದನ್ನು ತಂದ. ಅವ್ವ ಅದನ್ನು ಬೋರಲು ಹಾಕಿ, ಅಂಗಾತ ಮಾಡಿ, ತೂಕ ನೋಡಿ, "ಜ್ವಾಳಾ ಅಳಿಲಿಕ್ಕ ಛಲೋ ಆಗ್ತದ" ಎಂದಳು. ನಗಬೇಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಾತ್ರೆಗೆ ಗತಿಯಿಲ್ಲದ ಜರ್ಮನರು ಮಾಡಿದ್ದೂ ಇದನ್ನೇ. ಉಳಿದ ಹೆಲ್ಮೆಟ್ಟುಗಳಿಗೆ ತೂತು ಕೊರೆದು ಜರಡಿ ಮಾಡಿದರು, ಉದ್ದನೆಯ ಹಿಡಿ ಕೂಡಿಸಿ ಗೊಬ್ಬರದ ಗುಂಡಿಯ ನೀರೆತ್ತಿದರು. ಅವ್ವ ಯಾವ ಪುಸ್ತಕ ಓದಿದವಳೂ ಅಲ್ಲ.

ಜರ್ಮನ್ ಟೊಪ್ಪಿಗೆಗಳಲ್ಲಿ ಎರಡು ಕುಲ. ನೆತ್ತಿಯ ಮೇಲೆ ಮೊಳೆ ನಿಂತಿರುವ 'ಪಿಕೆಲ್‌ಹೌಬ' ಹಿರಿಯದು. ಪ್ರಷ್ಯಾದ ದೊರೆ 1842ರಲ್ಲಿ ಅದನ್ನು ಸೈನ್ಯಕ್ಕೆ ತಂದ. ನೋಡಲು ಏನು ಗತ್ತು! ಮುಟ್ಟಿದರೆ ಗಟ್ಟಿ ಮಾಡಿದ ಚರ್ಮ, ಮುಂದುಗಡೆ ಹಿತ್ತಾಳೆಯ ಹದ್ದು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಆ ಗತ್ತು ನಡೆಯಲಿಲ್ಲ. ಮೇಲಿಂದ ಸಿಡಿದ ಗುಂಡಿನ ಚೂರುಗಳಿಗೆ ಚರ್ಮ ಯಾವ ಲೆಕ್ಕ? ಕಂದಕದ ಅಂಚಿನ ಮೇಲೆ ಮೊಳೆ ಕಾಣುತ್ತದೆಂದು 1915ರಲ್ಲಿ ಅದನ್ನು ಬಿಚ್ಚಿಡುವಂತೆ ಮಾಡಿದರು. ಹ್ಯಾನೋವರಿನ ಫ್ರೆಡ್ರಿಕ್ ಶ್ವೆರ್ಡ್ ರೂಪಿಸಿದ ಉಕ್ಕಿನ ಟೊಪ್ಪಿಗೆ 1916ರಲ್ಲಿ ವರ್ಡನ್ ಕದನದ ಹೊತ್ತಿಗೆ ಸೈನಿಕರ ತಲೆ ಸೇರಿತು. ಕಿವಿ, ಕತ್ತು ಮುಚ್ಚುವ, ಕಿಲೋಗಿಂತ ಹೆಚ್ಚು ತೂಗುವ ಆ ಭಾರವೇ ನನ್ನ ಮೇಜಿನ ಮೇಲಿರುವುದು. ಹಿಟ್ಲರನ ಕಾಲದವು ನನಗೆ ಬೇಡ. ಅವುಗಳ ಪಕ್ಕ ಕೂತು ಚಹಾ ಕುಡಿಯಲು ಮನಸ್ಸು ಒಪ್ಪುವುದಿಲ್ಲ.

ನಮಗೂ ಜರ್ಮನ್ ಟೊಪ್ಪಿಗೆಗೂ ಸಂಬಂಧವೇ ಇಲ್ಲವೆನ್ನಬೇಡಿ. ನಮ್ಮ ಊರುಗಳೆಲ್ಲ ನಿಜಾಮರ ರಾಜ್ಯದವು. ಗದ್ವಾಲವಂತೂ 1956ರ ತನಕ ರಾಯಚೂರು ಜಿಲ್ಲೆಯ ತಾಲೂಕು. ಮೊದಲ ಮಹಾಯುದ್ಧದಲ್ಲಿ ಹೈದರಾಬಾದ್, ಮೈಸೂರು, ಜೋಧಪುರದ ಲ್ಯಾನ್ಸರುಗಳು ಒಂದೇ ಬ್ರಿಗೇಡಿನಲ್ಲಿ ಪ್ಯಾಲೆಸ್ತೀನಿಗೆ ಹೋದರು. ಎದುರಿಗಿದ್ದದ್ದು ತುರ್ಕರ ಸೈನ್ಯ, ಅದರ ನಾಯಕ ಜರ್ಮನಿಯ ಲೀಮಾನ್ ಫಾನ್ ಸಾಂಡರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರ, ಮೈಸೂರಿನ ಸವಾರರು ಭರ್ಚಿ ಹಿಡಿದು ಹೈಫಾ ಪಟ್ಟಣ ಗೆದ್ದರು. ಮೂರೂ ಸಂಸ್ಥಾನಗಳ ಹೆಸರಿನಲ್ಲಿ ದೆಹಲಿಯ ತೀನ್ ಮೂರ್ತಿ ಸ್ಮಾರಕ ನಿಂತಿದೆ. ಫಿರಂಗಿ, ಮಷೀನ್ ಗನ್ನುಗಳ ಎದುರು ಹೋದವರ ತಲೆಯ ಮೇಲೆ ಇದ್ದದ್ದು ರುಮಾಲು! ಶ್ವೆರ್ಡ್ ಸಾಹೇಬರು ಕೇಳಿದ್ದರೆ ಕುರ್ಚಿ ಹಿಡಿದು ಕೂರುತ್ತಿದ್ದರು.

ಇನ್ನು ರಿಪೇರಿಯ ಮಾತು. ಟ್ರಾಕ್ಟರ್ ವರ್ಕ್‌ಶಾಪಿನ ಪೇಂಟರ್ ನನ್ನ ಚಿಪ್ಪು ನೋಡಿದ್ದೇ ತಡ, "ಸಾಬ್, ಸ್ಯಾಂಡ್‌ಪೇಪರ್ ಹೊಡ್ದು, ರೆಡ್ ಆಕ್ಸೈಡ್ ಹಚ್ಚಿ, ಮ್ಯಾಲೊಂದು ಗ್ರೇ ಕೋಟ್ ಕೊಡ್ತೀನಿ, ಶೋರೂಮ್ ಪೀಸ್ ಆಗ್ತದ" ಎಂದ. ಪ್ರೀತಿಯಿಂದಲೇ ಹೇಳಿದ ಮಾತು. ನಾನು ಚಿಪ್ಪನ್ನು ಎದೆಗವಚಿಕೊಂಡು ಮನೆಗೆ ಬಂದೆ. ಎಣ್ಣೆ ಸವರಿ, ವಾರಗಟ್ಟಲೆ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತ ಹೋದ ಹಾಗೆ ತುಕ್ಕಿನ ಕೆಳಗಿಂದ ಹಸಿರು, ಕಂದು ಬಣ್ಣದ ತುಂಡುಗಳು ಎದ್ದವು, ನಡುವೆ ಬೆರಳಗಲದ ಕಪ್ಪು ಗೆರೆ. 1918ರ ಜುಲೈಯಲ್ಲಿ ಜರ್ಮನ್ ಸೇನೆ ಹೊರಡಿಸಿದ ಆಜ್ಞೆಯಲ್ಲಿ ಹೇಳಿದ್ದು ಇದೇ ಬಣ್ಣಗಾರಿಕೆ. ಯಾರೋ ಸೈನಿಕ ಕುಂಚ ಹಿಡಿದು ಎಳೆದ ಗೆರೆ, ಅದನ್ನು ಅಳಿಸುವುದು ಪೇಂಟರಿಗೆ ಅರ್ಧ ಗಂಟೆಯ ಕೆಲಸವಾಗಿತ್ತು. ಒಳಗಿನ ಚರ್ಮದ ಪಟ್ಟಿ ಹರಿದಿತ್ತು. ಅದಕ್ಕೆ ಚಪ್ಪಲಿ ಹೊಲಿಯುವವರ ಹತ್ತಿರ ಹೊಸ ತುಂಡು ಕೂಡಿಸಿಕೊಂಡೆ, ಹೊಸದೆಂದು ಗೊತ್ತಾಗುವ ಹಾಗೆಯೇ. ಗದ್ವಾಲದ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸುತ್ತಾರಲ್ಲ, ಎರಡೂ ಎರಡೇ ಎಂದು ಕಾಣುತ್ತವೆ, ಯಾರೂ ಅದನ್ನು ಬಚ್ಚಿಡುವುದಿಲ್ಲ.

ಗದ್ವಾಲದ ಗೆಳೆಯನೊಬ್ಬನಿಗೆ ಮೊಳೆಯ ಟೊಪ್ಪಿಗೆಯೇ ಸಿಕ್ಕಿತು, ಹೈದರಾಬಾದಿನ ಒಂದು ಹಳೇ ಸಾಮಾನಿನ ಸಂತೆಯಲ್ಲಿ. ಅವನ ಮನೆಯಾಕೆ ಮೊದಲು "ಚರ್ಮದ್ದು ದೇವರ ಮನಿ ಕಡೆ ತರಬ್ಯಾಡ್ರಿ" ಎಂದರು. ಆಮೇಲೆ ಅವನು ಊರಲ್ಲಿಲ್ಲದಾಗ ಹದ್ದಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಅದು ಪೂಜೆಯ ಸಾಮಾನಿನ ಹಾಗೆ ಥಳಥಳ. ಗೆಳೆಯ ಊಟ ಬಿಟ್ಟ. ಬಲ್ಲವರಿಗೆ ಫೋಟೋ ಕಳಿಸಿದಾಗ ಬಂದ ಉತ್ತರ: ಹಾನಿ ಏನೂ ಆಗಿಲ್ಲ, ಸಾಮಾನು ಉತ್ತರ ಭಾರತದ್ದು. ಸಿನಿಮಾ, ನಾಟಕ, ಅಲಂಕಾರಕ್ಕೆಂದು ಪಿಕೆಲ್‌ಹೌಬದ ನಕಲು ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳು ನಮ್ಮಲ್ಲೇ ಇವೆ. ಅವನ್ನು ಹಳೆಯವೆಂದು ಮಾರುವವರು ಜಗತ್ತಿನ ತುಂಬ ಇದ್ದಾರೆ. ಆ ರಾತ್ರಿ ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದನಂತೆ. ನನ್ನ ಮಟ್ಟಿಗೆ ಹುಣಸೆಹಣ್ಣಿನಷ್ಟು ದೊಡ್ಡ ಶತ್ರು ಹಳೇ ಹಿತ್ತಾಳೆಗೆ ಇನ್ನೊಂದಿಲ್ಲ.

ನಿಮ್ಮ ಅಟ್ಟದಲ್ಲೂ ಮುತ್ತಜ್ಜನ ಬಿಲ್ಲೆಯೋ, ಪಟ್ಟಿಯೋ, ಖಡ್ಗದ ಹಿಡಿಯೋ ಇದ್ದೀತು. ದೀಪಾವಳಿಗೆ ಕೆಳಗಿಳಿಸಿದಾಗ ತಿಕ್ಕಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಅದು ಯಾರದು, ಎಲ್ಲಿಂದ ಬಂತು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು, ಅದರ ಜೊತೆಗೇ ಇಡಿ.