ಮೇಲೇರದಂತೆ ಚೆಂಡೆಸೆಯುವುದು ಹೇಗೆ?

ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಿಚರ್ ಆಗಿ, ಯೌವನವನ್ನೆಲ್ಲ ಮೈನರ್ ಲೀಗಿನಲ್ಲೇ ಸವೆಸಬೇಕೆಂದಿದ್ದೀರಾ? ಒಳ್ಳೆಯ ನಿರ್ಧಾರ. ಮೇಜರ್ ಲೀಗಿನ 30 ತಂಡಗಳ ಕೆಳಗೆ 120 ಕಿರಿಯ ತಂಡಗಳಿವೆ. ಸಿಂಗಲ್-ಎಯಿಂದ ಟ್ರಿಪಲ್-ಎವರೆಗೆ ನಾಲ್ಕು ಮೆಟ್ಟಿಲು. ಹತ್ತಲು ಅವಸರಪಡಬೇಡಿ.

ಮೊದಲು ವೇಗ ಬೆಳೆಸಿಕೊಳ್ಳಿ. ಚೆಂಡು ಎಲ್ಲಿಗೆ ಹೋಗುತ್ತದೆಂಬ ಚಿಂತೆ ಬಿಡಿ. ನಿಮ್ಮನ್ನು ಆರಿಸಲು ಬಂದವರ ಕಣ್ಣು ರಾಡಾರ್ ಗನ್ ಮೇಲಿರುತ್ತದೆ, ಅದರಲ್ಲಿ ದಿಕ್ಕು ಕಾಣುವುದಿಲ್ಲ. ಗೆರೆ ತಪ್ಪಿ ನಾಲ್ಕು ಎಸೆತ ಹೋದರೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಬಿಡುತ್ತಾನೆ. ನಡೆಯಲಿ, ವ್ಯಾಯಾಮವಾಗುತ್ತದೆ.

ಗುರುವಾಗಿ ಸ್ಟೀವ್ ಡಾಲ್ಕೋವ್ಸ್ಕಿಯನ್ನು ಆರಿಸಿಕೊಳ್ಳಿ. ಬಾಲ್ಟಿಮೋರ್ ಓರಿಯೋಲ್ಸ್‌ನವರು ಸಾಕಿದ ಈ ಎಡಗೈ ಪಿಚರ್‌ನಷ್ಟು ವೇಗವನ್ನು ಬೇರೆಲ್ಲೂ ಕಂಡಿಲ್ಲವೆಂದು ಎದುರು ನಿಂತವರೇ ಹೇಳುತ್ತಿದ್ದರು. 1957ರಲ್ಲಿ ಟೆನೆಸಿಯ ಕಿಂಗ್ಸ್‌ಪೋರ್ಟ್ ತಂಡಕ್ಕೆ 62 ಇನಿಂಗ್ಸ್ ಎಸೆದ. 121 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, 129 ಜನರನ್ನು ನಡೆಸಿ ಕಳಿಸಿದ. ಗೆದ್ದದ್ದು ಒಂದು ಪಂದ್ಯ, ಸೋತದ್ದು ಎಂಟು. 1960ರಲ್ಲಿ ಸ್ಟಾಕ್ಟನ್ ತಂಡದಲ್ಲಿ ಎರಡೂ ಲೆಕ್ಕ 262ಕ್ಕೆ ಸರಿಸಮ ನಿಂತಿತು. ಅಂಥ ಸಮಚಿತ್ತ ರೂಢಿಸಿಕೊಳ್ಳಿ.

ಆದರೆ ಕೊನೆಗೆ ಗುರುವೇ ಒಂದು ಎಡವಟ್ಟು ಮಾಡಿಕೊಂಡ. 1962ರಲ್ಲಿ ಎಲ್ಮೈರಾ ತಂಡದಲ್ಲಿ ಅರ್ಲ್ ವೀವರ್ ಎಂಬ ಮ್ಯಾನೇಜರ್ ಸಿಕ್ಕಿ, ಸ್ವಲ್ಪ ನಿಧಾನವಾಗಿ ಎಸೆ ಎಂದ. ಇವನು ಕೇಳಿಬಿಟ್ಟ. ಚೆಂಡು ಹೇಳಿದ ಕಡೆ ಹೋಗತೊಡಗಿತು. 1963ರ ವಸಂತದಲ್ಲಿ ಇನ್ನೇನು ಮೇಜರ್ ಲೀಗಿನ ಜೆರ್ಸಿ ತೊಡಬೇಕು, ಮೊಣಕೈ ಕೈಕೊಟ್ಟಿತು. ಆದ್ದರಿಂದ ಬುದ್ಧಿಮಾತನ್ನು ಆದಷ್ಟು ತಡವಾಗಿ ಕೇಳಿ.

ಮೊಣಕೈ ನೋಯುವುದು ಖಚಿತ. ನೋವನ್ನು ಮುಚ್ಚಿಡಿ. ಕೇಳಿದವರಿಗೆ ‘ಸ್ವಲ್ಪ ಬಿಗಿ, ಅಷ್ಟೆ’ ಎನ್ನಿ; ನಿಜ ಹೇಳಿದರೆ ನಿಮ್ಮ ಸರದಿ ಪಕ್ಕದ ಹುಡುಗನ ಪಾಲಾಗುತ್ತದೆ. ಧೈರ್ಯ ಸಾಲದಿದ್ದರೆ ಪಿಚರ್ ಟಾಮಿ ಜಾನ್‌ನನ್ನು ನೆನೆಯಿರಿ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವನ ಬಲಗೈಯ ಸ್ನಾಯುರಜ್ಜು ತೆಗೆದು ಎಡ ಮೊಣಕೈಗೆ ಕಟ್ಟಿದರು. ಅವನು 1989ರವರೆಗೂ ಆಡಿದ. ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು ನಿಂತಿದೆ. ಮರಳಿ ಬಾರದವರ ಹೆಸರನ್ನು ಯಾವ ಶಸ್ತ್ರಚಿಕಿತ್ಸೆಗೂ ಇಟ್ಟಿಲ್ಲ, ಹಾಗಾಗಿ ಅವರ ವಿಚಾರ ನಿಮಗೆ ಬೇಡ.

ಸಂಬಳದ ವಿಷಯದಲ್ಲಿ ಹಿಂದಿನವರು ಅದೃಷ್ಟವಂತರು. 2020ರವರೆಗೂ ಸಿಂಗಲ್-ಎಯಲ್ಲಿ ಕನಿಷ್ಠ ವೇತನ ವಾರಕ್ಕೆ 290 ಡಾಲರ್, ಅದೂ ಋತು ನಡೆಯುವಾಗ ಮಾತ್ರ. ಮೈನರ್ ಲೀಗಿನವರಿಗೆ ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಕೊಡಬೇಕಿಲ್ಲವೆಂದು 2018ರಲ್ಲಿ ಅಮೆರಿಕದ ಕಾಂಗ್ರೆಸ್ ಕಾಯಿದೆಯನ್ನೇ ಮಾಡಿತು. ಅಮೆರಿಕದ ನೆಚ್ಚಿನ ಆಟವನ್ನು ಉಳಿಸುವ ಕಾಯಿದೆ ಎಂದು ಅದಕ್ಕೆ ಹೆಸರು. (ಆಟ ಉಳಿಯಿತು.) ಆಟಗಾರರು ಸಂಘ ಕಟ್ಟಿದ ಮೇಲೆ, 2023ರ ಒಪ್ಪಂದದಂತೆ, ಸಿಂಗಲ್-ಎಯಲ್ಲಿ ವರ್ಷಕ್ಕೆ 26,200 ಡಾಲರ್, ಟ್ರಿಪಲ್-ಎಯಲ್ಲಿ 35,800. ಅದೇ ವರ್ಷ ಮೇಜರ್ ಲೀಗಿನಲ್ಲಿ ಕನಿಷ್ಠ 7,20,000. ಈ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆಯಬೇಡಿ.

ಭಾರತದಲ್ಲಿ ಹುಟ್ಟಿದ್ದು ಅಡ್ಡಿಯಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್ ಜಾವೆಲಿನ್ ಎಸೆಯುತ್ತಿದ್ದ. 2008ರಲ್ಲಿ ಚೆಂಡೆಸೆಯುವ ಸ್ಪರ್ಧೆ ಗೆದ್ದು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ, ಸಿಂಗಲ್-ಎ ಮುಟ್ಟಿದ, ಗಾಯಗಳಾದವು, ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ಕುಸ್ತಿಗೆ ಹೋಗಬೇಡಿ. ಅಲ್ಲಿ ಹೆಸರು ಬಂದುಬಿಡುವ ಅಪಾಯವಿದೆ.

ಒಂದು ಬೆಳಗ್ಗೆ ಮ್ಯಾನೇಜರ್ ಕೋಣೆಗೆ ಕರೆದು ಬಾಗಿಲು ಹಾಕುತ್ತಾರೆ. ಕೈಕುಲುಕಿ, ಗ್ಲೌಸ್ ಎತ್ತಿಕೊಳ್ಳಿ. ಯಾವ ಮೇಜರ್ ತಂಡದ ಹಂಗೂ ಇಲ್ಲದ ಸ್ವತಂತ್ರ ಲೀಗುಗಳಿವೆ, ಅಲ್ಲಿಗೆ ಫೋನ್ ಮಾಡಿ. ವಯಸ್ಸನ್ನು ಕೊನೆಯಲ್ಲಿ ಹೇಳಿ. ಕೈ ಹೇಗಿದೆಯೆಂದು ಕೇಳಿದರೆ, ಈ ವರ್ಷ ಬಹಳ ಚೆನ್ನಾಗಿದೆ ಎನ್ನಿ.